7-ಡಿಹೈಡ್ರೊಕೊಲೆಸ್ಟರಾಲ್ ಮತ್ತು ಮೈಸೂರಿನ ಬಿಸಿಲು

7-ಡಿಹೈಡ್ರೊಕೊಲೆಸ್ಟರಾಲ್ ಮನುಷ್ಯನ ಚರ್ಮದಲ್ಲಿ ತಾನಾಗಿಯೇ ತಯಾರಾಗುವ ಒಂದು ಸ್ಟೆರಾಲ್. ಬಿಸಿಲಿನಲ್ಲಿರುವ ಅತಿನೇರಳೆ-ಬಿ ಕಿರಣ ತಾಗಿದರೆ ಇದು ವಿಟಮಿನ್ ಡಿ3 ಆಗುವ ದಾರಿ ಹಿಡಿಯುತ್ತದೆ. ಕಿರಣ ತಾಗದಿದ್ದರೆ ಒಂದು ಕಿಣ್ವದ ಕೈಗೆ ಸಿಕ್ಕಿ ಕೊಲೆಸ್ಟರಾಲ್ ಆಗುತ್ತದೆ. ಪ್ರೊವಿಟಮಿನ್ ಡಿ3 ಎಂಬುದು ಇದರ ಇನ್ನೊಂದು ಹೆಸರು. ಮೈಸೂರಿನಂಥ ಊರಿನಲ್ಲಿ ಈ ವಸ್ತುವಿಗೂ ಬರವಿಲ್ಲ, ಬಿಸಿಲಿಗೂ ಬರವಿಲ್ಲ. ಆದರೂ ದೇಶದ ನಾನಾ ಊರುಗಳ ಸಮೀಕ್ಷೆಗಳಲ್ಲಿ ಕಂಡಂತೆ ಇಲ್ಲಿಯೂ ರಕ್ತಪರೀಕ್ಷೆಯ ಚೀಟಿಯಲ್ಲಿ ‘ವಿಟಮಿನ್ ಡಿ ಕಡಿಮೆ’ ಎಂಬ ಸಾಲು ಮಾಮೂಲಾಗಿಬಿಟ್ಟಿದೆ. ಸರಿಯಾದ ಹೊತ್ತಿನ ಬಿಸಿಲು ಬರಿಯ ಚರ್ಮಕ್ಕೆ ತಾಗುವುದು ಕಡಿಮೆಯಾದದ್ದೇ ಇದಕ್ಕೆ ಮುಖ್ಯ ಕಾರಣ. ಆ ಹೊತ್ತು ಯಾವುದು ಎಂಬ ವಿಷಯದಲ್ಲಿ ನಮ್ಮಲ್ಲಿ ತಪ್ಪು ತಿಳಿವಳಿಕೆ ಬೇರೂರಿದೆ.

ರಚನೆ ಮತ್ತು ಹುಟ್ಟು

ಈ ಅಣುವಿನಲ್ಲಿ ಇಂಗಾಲದ 27, ಜಲಜನಕದ 44 ಮತ್ತು ಆಮ್ಲಜನಕದ ಒಂದು ಪರಮಾಣು ಇವೆ. ಅಣುತೂಕ ಸುಮಾರು 384.6. ಕೊಲೆಸ್ಟರಾಲ್‌ಗೂ ಇದಕ್ಕೂ ಇರುವ ವ್ಯತ್ಯಾಸ ಎರಡೇ ಎರಡು ಜಲಜನಕ ಪರಮಾಣುಗಳದ್ದು. ಕೊಲೆಸ್ಟರಾಲ್‌ನಲ್ಲಿ ಅವು 46. ‘ಡಿಹೈಡ್ರೊ’ ಎಂದರೆ ಜಲಜನಕ ಕಳೆದದ್ದು, ‘7’ ಎಂದರೆ ಕಳೆದ ಜಾಗದ ಗುರುತು. ಎಲ್ಲ ಸ್ಟೆರಾಲ್‌ಗಳಂತೆ ಇದರಲ್ಲೂ ನಾಲ್ಕು ಉಂಗುರಗಳು ಒಂದಕ್ಕೊಂದು ಅಂಟಿಕೊಂಡಿವೆ. ಎರಡನೆಯ ಉಂಗುರದಲ್ಲಿ 5 ಮತ್ತು 6ನೆಯ ಇಂಗಾಲಗಳ ನಡುವೆ ಒಂದು, 7 ಮತ್ತು 8ನೆಯವುಗಳ ನಡುವೆ ಇನ್ನೊಂದು, ಹೀಗೆ ಎರಡು ದ್ವಿಬಂಧಗಳು ಪಕ್ಕಪಕ್ಕದಲ್ಲಿವೆ. ಕೊಲೆಸ್ಟರಾಲ್‌ನಲ್ಲಿ ಮೊದಲನೆಯದು ಮಾತ್ರ ಇದೆ. ನೋಡಲು ಅಲ್ಪವಾದ ಈ ವ್ಯತ್ಯಾಸವೇ ಎಲ್ಲಕ್ಕೂ ಮೂಲ. ಪಕ್ಕಪಕ್ಕದ ದ್ವಿಬಂಧಗಳಿರುವ ಅಣು ಅತಿನೇರಳೆ ಬೆಳಕನ್ನು ಹೀರಿಕೊಳ್ಳಬಲ್ಲದು. ಕೊಲೆಸ್ಟರಾಲ್‌ನ ಮೇಲೆ ಎಷ್ಟು ಬಿಸಿಲು ಬಿದ್ದರೂ ಅದು ಇದ್ದ ಹಾಗೆಯೇ ಇರುತ್ತದೆ.

‘ಬಿಸಿಲಿಗೆ ಮೈಯೊಡ್ಡಿದರೆ ಕೊಲೆಸ್ಟರಾಲ್ ಕರಗಿ ವಿಟಮಿನ್ ಆಗುತ್ತದೆ’ ಎಂಬ ಮಾತು ಕೇಳಿಬರುತ್ತದೆ. ಅದು ನಿಜವಲ್ಲ. ಚರ್ಮದ ಕೋಶ ತನ್ನ ಕೊಲೆಸ್ಟರಾಲನ್ನು ಅಸಿಟೇಟ್ ಎಂಬ ಪುಟ್ಟ ಅಣುವಿನಿಂದ ಶುರುಮಾಡಿ ಹಂತ ಹಂತವಾಗಿ ಕಟ್ಟಿಕೊಳ್ಳುತ್ತದೆ. ಸ್ಕ್ವಾಲೀನ್, ಲ್ಯಾನೊಸ್ಟೆರಾಲ್, ಲ್ಯಾಥೊಸ್ಟೆರಾಲ್ ಇವೆಲ್ಲ ನಡುವೆ ಸಿಗುವ ನಿಲ್ದಾಣಗಳು. ಲ್ಯಾಥೊಸ್ಟೆರಾಲ್‌ನಿಂದ 7-ಡಿಹೈಡ್ರೊಕೊಲೆಸ್ಟರಾಲ್ ಹುಟ್ಟುತ್ತದೆ. ಡಿಎಚ್‌ಸಿಆರ್7 ಎಂಬ ಕಿಣ್ವ ಅದಕ್ಕೆ ಎರಡು ಜಲಜನಕ ಸೇರಿಸಿ ಕೊಲೆಸ್ಟರಾಲ್ ಮಾಡಿ ಮುಗಿಸುತ್ತದೆ. ಅಂದರೆ ಇದು ಕೊಲೆಸ್ಟರಾಲ್‌ನ ಮಗಳಲ್ಲ, ತಾಯಿ. ತುಪ್ಪ, ಬೆಣ್ಣೆ ಹೆಚ್ಚು ತಿಂದರೆ ಚರ್ಮದಲ್ಲಿ ಇದು ಹೆಚ್ಚುವುದಿಲ್ಲ. ಬಿಸಿಲಿಗೆ ನಿಂತರೆ ರಕ್ತದ ಕೊಲೆಸ್ಟರಾಲ್ ಇಳಿಯುವುದೂ ಇಲ್ಲ.

ಬೆಳಕು ತಾಗಿದ ಮೇಲೆ

ಹೊರಚರ್ಮದ ಮೇಲ್ಭಾಗದಲ್ಲಿ ಸತ್ತ ಕೋಶಗಳ ತೆಳು ಹೊದಿಕೆ ಇದೆ. ಅದರ ಕೆಳಗಿನ ಜೀವಂತ ಪದರಗಳಲ್ಲಿ, ಅದರಲ್ಲೂ ಬುಡದ ಎರಡು ಪದರಗಳ ಕೋಶಪೊರೆಗಳಲ್ಲಿ 7-ಡಿಹೈಡ್ರೊಕೊಲೆಸ್ಟರಾಲ್ ಹೆಚ್ಚು. ಬಿಸಿಲು ಕಾದ ಮೇಲೆ ಸೋಪು ಹಚ್ಚಿ ಸ್ನಾನ ಮಾಡಿದರೆ ವಿಟಮಿನ್ ತೊಳೆದುಹೋಗುತ್ತದೆ ಎಂಬ ಭಯ ಬೇಡ. ಸೋಪು ಮುಟ್ಟುವ ಜಾಗದಲ್ಲಿ ಅದು ತಯಾರಾಗುವುದೇ ಇಲ್ಲ.

290ರಿಂದ 315 ನ್ಯಾನೊಮೀಟರ್ ತರಂಗಾಂತರದ ಕಿರಣ ಬಿದ್ದಾಗ ಎರಡನೆಯ ಉಂಗುರ 9 ಮತ್ತು 10ನೆಯ ಇಂಗಾಲಗಳ ನಡುವೆ ಬಿಚ್ಚಿಕೊಳ್ಳುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಇಂಥದು ಲಕ್ಷಾಂತರ ಸಲ ನಡೆಯುವಷ್ಟು ವೇಗ. ಬಿಚ್ಚಿಕೊಂಡ ಅಣುವಿಗೆ ಪ್ರಿವಿಟಮಿನ್ ಡಿ3 ಎಂದು ಹೆಸರು. ಇಲ್ಲಿಗೆ ಬೆಳಕಿನ ಕೆಲಸ ಮುಗಿಯಿತು. ಮುಂದಿನದು ಮೈಶಾಖದ ಕೆಲಸ, ಅದು ನಿಧಾನ. ಮೈಯ ಬಿಸಿಗೆ ಅಣು ತನ್ನೊಳಗೇ ಒಂದು ಜಲಜನಕವನ್ನು ಜಾಗ ಬದಲಿಸಿಕೊಂಡು ವಿಟಮಿನ್ ಡಿ3 ಆಗುತ್ತದೆ. ಪ್ರಯೋಗಾಲಯದ ದ್ರಾವಕದಲ್ಲಿ ಇದೇ ತಾಪಮಾನದಲ್ಲಿ ಅರ್ಧಭಾಗ ಬದಲಾಗಲು ಒಂದು ದಿನಕ್ಕಿಂತ ಹೆಚ್ಚು ಬೇಕು. ಚರ್ಮದಲ್ಲಿ ಎರಡೂವರೆ ಗಂಟೆ ಸಾಕು. ಕೋಶಪೊರೆ ಅಣುವನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಟ್ಟುಕೊಳ್ಳುವುದರಿಂದ ಈ ಅನುಕೂಲ. ಹಾಗೆ ತಯಾರಾದ ಡಿ3 ಪೊರೆಯಿಂದ ಜಾರಿ, ರಕ್ತದಲ್ಲಿರುವ ಒಂದು ಪ್ರೋಟೀನಿನ ಬೆನ್ನೇರಿ ಯಕೃತ್ತಿಗೆ ಹೋಗಿ ಒಂದು ರೂಪ, ಮೂತ್ರಪಿಂಡಕ್ಕೆ ಹೋಗಿ ಇನ್ನೊಂದು ರೂಪ ತಾಳುತ್ತದೆ. ಕರುಳಿನಿಂದ ಕ್ಯಾಲ್ಸಿಯಂ ಹೀರಿಸುವುದು ಈ ಕೊನೆಯ ರೂಪ.

ಹಳೇ ಮೈಸೂರಿನ ಊಟಕ್ಕೆ ಇದು ನೇರವಾಗಿ ಸಂಬಂಧಿಸಿದ ಮಾತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಇದರ ಹತ್ತಿರಕ್ಕೂ ಬಾರವು. ಆದರೆ ವಿಟಮಿನ್ ಡಿ ಸಾಲದ ಮೈ ಊಟದ ಕ್ಯಾಲ್ಸಿಯಂನಲ್ಲಿ ನೂರಕ್ಕೆ 10-15 ಭಾಗ ಮಾತ್ರ ಹೀರುತ್ತದೆ, ಸಾಕಷ್ಟಿದ್ದರೆ 30-40 ಭಾಗ. ಹೊಲದಲ್ಲಿ ದುಡಿದು ಮುದ್ದೆ ಉಣ್ಣುತ್ತಿದ್ದವರಿಗೆ ಎರಡೂ ಒಟ್ಟಿಗೆ ಸಿಗುತ್ತಿದ್ದವು. ಇಂದು ಮುದ್ದೆ ಉಳಿಸಿಕೊಂಡು ಹೊಲ ಬಿಟ್ಟವರಿಗೆ ಅರ್ಧವೇ ದಕ್ಕುತ್ತಿದೆ.

ದಿನವಿಡೀ ಬಿಸಿಲಿನಲ್ಲಿ ದುಡಿಯುವವರಿಗೆ ವಿಟಮಿನ್ ಡಿ ಹೆಚ್ಚಾಗಿ ವಿಷವಾಗುವುದಿಲ್ಲವೇ? ಆಗುವುದಿಲ್ಲ. ಚರ್ಮದಲ್ಲಿರುವ 7-ಡಿಹೈಡ್ರೊಕೊಲೆಸ್ಟರಾಲ್‌ನಲ್ಲಿ ನೂರಕ್ಕೆ ಸುಮಾರು 10-15 ಭಾಗ ಪ್ರಿವಿಟಮಿನ್ ಆಗುತ್ತಲೇ ಸಮತೋಲ ಬಂದುಬಿಡುತ್ತದೆ. ಇನ್ನೂ ಬಿಸಿಲು ಬಿದ್ದರೆ ಪ್ರಿವಿಟಮಿನ್ ಲ್ಯುಮಿಸ್ಟೆರಾಲ್, ಟ್ಯಾಕಿಸ್ಟೆರಾಲ್ ಎಂಬ ನಿರಪಾಯ ರೂಪಗಳಿಗೆ ತಿರುಗುತ್ತದೆ. ತಯಾರಾದ ಡಿ3ಯನ್ನೂ ಬಿಸಿಲೇ ಒಡೆಯುತ್ತದೆ. ಹೆಚ್ಚಾದದ್ದನ್ನು ತಾನೇ ತಿದ್ದುವ ಈ ಏರ್ಪಾಡು ಗುಳಿಗೆಗಿಲ್ಲ.

ಹೊತ್ತಿನ ಲೆಕ್ಕ

ಮೈಸೂರು ಇರುವುದು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ. ವರ್ಷಕ್ಕೆ ಎರಡು ಸಲ, ಏಪ್ರಿಲ್ 23ರ ಮತ್ತು ಆಗಸ್ಟ್ 20ರ ಆಸುಪಾಸಿನಲ್ಲಿ, ಸೂರ್ಯ ಇಲ್ಲಿ ನೆತ್ತಿಯ ಮೇಲೆಯೇ ಬರುತ್ತಾನೆ. ಡಿಸೆಂಬರ್ 21ರಂದು ಕೂಡ ನಡುಮಧ್ಯಾಹ್ನ ಅವನು ದಿಗಂತದಿಂದ 54 ಡಿಗ್ರಿ ಮೇಲಿರುತ್ತಾನೆ. ಅದೇ ದಿನ 42 ಡಿಗ್ರಿ ಅಕ್ಷಾಂಶದ ಬಾಸ್ಟನ್‌ನಲ್ಲಿ ಸೂರ್ಯನ ಎತ್ತರ 24 ಡಿಗ್ರಿ. ಅಲ್ಲಿ ನವೆಂಬರ್‌ನಿಂದ ಫೆಬ್ರವರಿಯವರೆಗೆ ಚರ್ಮದಲ್ಲಿ ಪ್ರಿವಿಟಮಿನ್ ಹುಟ್ಟುವುದೇ ಇಲ್ಲವೆಂದು ವೆಬ್, ಕ್ಲೈನ್ ಮತ್ತು ಹೋಲಿಕ್ 1988ರಲ್ಲಿ ತೋರಿಸಿದರು. ಬಾಸ್ಟನ್ನಿಗೋ ಇನ್ನೂ ಉತ್ತರದ ಊರುಗಳಿಗೋ ಹೋಗಿ ನೆಲೆಸಿದ ಕನ್ನಡದ ಮನೆಗಳಿಗೆ ಚಳಿಗಾಲದಲ್ಲಿ ಗುಳಿಗೆ ಬೇಕಾಗುವುದು ಇದರಿಂದ. ಮೈಸೂರಿನಲ್ಲಿರುವವರಿಗೆ ಅಂಥ ತಿಂಗಳು ಒಂದೂ ಇಲ್ಲ.

ಆದರೆ ಹೊತ್ತು ಮುಖ್ಯ. ಸೂರ್ಯ ಓರೆಯಾಗಿದ್ದಾಗ ಕಿರಣ ಓಜೋನ್ ಪದರದಲ್ಲಿ ಹೆಚ್ಚು ದೂರ ಹಾಯ್ದು ಬರಬೇಕು. ಕಣ್ಣಿಗೆ ಕಾಣುವ ಬೆಳಕು, ಮೈಗೆ ತಾಗುವ ಶಾಖ ದಾಟಿ ಬರುತ್ತವೆ. ಅತಿನೇರಳೆ-ಬಿ ಬಹುಪಾಲು ದಾರಿಯಲ್ಲೇ ಸೋರಿಹೋಗುತ್ತದೆ. ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ಏಳೂವರೆಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಿಂತು ನೋಡಿ. ವಾಕಿಂಗ್ ಮುಗಿಸಿ ಸ್ವೆಟರ್ ಬಿಚ್ಚಿ ಹೆಗಲಿಗೆ ಹಾಕಿಕೊಂಡ ಹಿರಿಯರು, ಕೆರೆಯ ಕಡೆಗೆ ಬೆನ್ನು ಮಾಡಿ ಕಣ್ಣು ಮುಚ್ಚಿ ಪೂರ್ವಕ್ಕೆ ಮುಖವೊಡ್ಡಿದವರು, ಎಲ್ಲರ ನೆರಳೂ ಏರಿಯ ಉದ್ದಕ್ಕೆ ಚಾಚಿ ಮಲಗಿರುತ್ತದೆ: ಆಳಿನ ಎತ್ತರದ ಮೂರೂವರೆಯಿಂದ ನಾಲ್ಕು ಪಟ್ಟು. ಆ ನಡಿಗೆಯಿಂದ ಹೃದಯಕ್ಕೆ, ಕಾಲಿಗೆ, ಮನಸ್ಸಿಗೆ ಸಿಗುವ ಲಾಭ ದೊಡ್ಡದು, ಅದನ್ನು ಯಾರೂ ಬಿಡಬಾರದು. ವಿಟಮಿನ್ ಡಿ ಮಾತ್ರ ಆ ಬಿಸಿಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ರಥಸಪ್ತಮಿಯ ನಸುಕಿನಲ್ಲಿ ಮಾಡುವ ಸೂರ್ಯನಮಸ್ಕಾರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಎಳೆಬಿಸಿಲು ಹಿತ, ಆದರೆ ಅದರಲ್ಲಿ ಉಂಗುರ ಬಿಚ್ಚುವ ಕಿರಣವಿಲ್ಲ.

ಒಂದು ಸರಳ ಅಳತೆಯುಂಟು. ನಿಮ್ಮ ನೆರಳು ನಿಮಗಿಂತ ಗಿಡ್ಡವಾದಾಗ, ಅಂದರೆ ಸೂರ್ಯ 45 ಡಿಗ್ರಿ ದಾಟಿದಾಗ, ಕೆಲಸಕ್ಕೆ ಬರುವಷ್ಟು ಅತಿನೇರಳೆ-ಬಿ ನೆಲ ಮುಟ್ಟುತ್ತದೆ. ಮೈಸೂರಿನ ರೇಖಾಂಶ ಭಾರತೀಯ ಕಾಲಮಾನದ ರೇಖೆಗಿಂತ ಪಶ್ಚಿಮಕ್ಕಿರುವುದರಿಂದ ಇಲ್ಲಿ ನಿಜವಾದ ನಡುಮಧ್ಯಾಹ್ನ ಗಡಿಯಾರದ ಹನ್ನೆರಡೂ ಇಪ್ಪತ್ತರ ಸುಮಾರಿಗೆ ಆಗುತ್ತದೆ. ಅದರಂತೆ ಲೆಕ್ಕ ಹಾಕಿದರೆ ಮಾರ್ಚ್ ಕೊನೆಯಲ್ಲಿ ಈ ಅವಧಿ ಬೆಳಿಗ್ಗೆ ಒಂಬತ್ತೂವರೆ ದಾಟಿ ಶುರುವಾಗಿ ಮಧ್ಯಾಹ್ನ ಮೂರೂಕಾಲಿನವರೆಗೆ. ಡಿಸೆಂಬರ್ ಕೊನೆಯಲ್ಲಿ ಹತ್ತೂವರೆಯಿಂದ ಎರಡರವರೆಗೆ ಮಾತ್ರ. ತಿರುಪತಿಯಲ್ಲಿ ಸಿ.ವಿ. ಹರಿನಾರಾಯಣ್ ಮತ್ತು ಸಂಗಡಿಗರು ಇದನ್ನು ಗಾಜಿನ ಕೊಳವೆಯಲ್ಲೇ ಪರೀಕ್ಷಿಸಿದ್ದಾರೆ. ಶುದ್ಧ 7-ಡಿಹೈಡ್ರೊಕೊಲೆಸ್ಟರಾಲನ್ನು ಕಿರಣ ದಾಟುವ ಗಾಜಿನ ಪುಟ್ಟ ಕೊಳವೆಗಳಲ್ಲಿ ಮುಚ್ಚಿ, ದಿನದ ಬೇರೆ ಬೇರೆ ಹೊತ್ತು ಬಿಸಿಲಿಗಿಟ್ಟು, ಎಷ್ಟು ಪರಿವರ್ತನೆಯಾಯಿತೆಂದು ಅಳೆದರು. ವರ್ಷದ ಎಲ್ಲ ಕಾಲದಲ್ಲೂ ಹೆಚ್ಚು ಪರಿವರ್ತನೆ ಕಂಡದ್ದು 11ರಿಂದ 2 ಗಂಟೆಯ ನಡುವೆ. ತಿರುಪತಿಗೂ ಮೈಸೂರಿಗೂ ಅಕ್ಷಾಂಶದಲ್ಲಿ ಒಂದು ಡಿಗ್ರಿಗಿಂತ ತುಸು ಹೆಚ್ಚಿನ ವ್ಯತ್ಯಾಸ ಅಷ್ಟೆ. ಫಲಿತಾಂಶವನ್ನು ನಮಗೂ ಧಾರಾಳವಾಗಿ ಅನ್ವಯಿಸಿಕೊಳ್ಳಬಹುದು.

ಇದು ಸಂಡಿಗೆಯ ಬಿಸಿಲು. ಅಗ್ರಹಾರ, ಚಾಮುಂಡಿಪುರಂ, ಸರಸ್ವತಿಪುರಂಗಳ ತಾರಸಿಗಳಲ್ಲಿ ಶಿವರಾತ್ರಿ ಕಳೆದ ಮೇಲೆ ಹಳೆಯ ಪಂಚೆ ಹಾಸಿ ಅರಳು ಸಂಡಿಗೆ ಇಟ್ಟು, ಬಾಳಕದ ಮೆಣಸಿನಕಾಯಿ ಹರವಿ, ಕಾಗೆ ಓಡಿಸಲು ಕೋಲು ಹಿಡಿದು ಕೂರುತ್ತಿದ್ದ ಅಜ್ಜಿಯರು, ಮೊಮ್ಮಕ್ಕಳು ತಿಳಿಯದೆಯೇ ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿದ್ದರು. ಮಧ್ಯೆ ಒಮ್ಮೆ ಎದ್ದು ಮಗುಚಿಹಾಕಿ, ಸೆರಗು ತಲೆಗೆ ಹೊದ್ದು, ತೋಳು ಬರಿದಾಗಿ ಅರ್ಧ ಗಂಟೆ ಕೂತರೆ ಸಾಕಿತ್ತು. ಹಪ್ಪಳ, ಸಂಡಿಗೆ ಈಗ ಅಂಗಡಿಯಿಂದ ಬರುತ್ತವೆ. ಅಪಾರ್ಟ್‌ಮೆಂಟಿನ ತಾರಸಿಗೆ ಬೀಗ. ಊರಿನ ಹೆಸರು ಹೊತ್ತ ಊದುಬತ್ತಿ ಹೊಸೆಯುವ ಹೆಂಗಸರು, ಬೀಡಿ ಕಟ್ಟುವವರು, ಹೆಬ್ಬಾಳದ ಕಂಪ್ಯೂಟರ್ ಕಚೇರಿಗಳ ಹುಡುಗ ಹುಡುಗಿಯರು ಈ ಒಂದು ವಿಷಯದಲ್ಲಿ ಸಮಾನರು: ಹನ್ನೊಂದರಿಂದ ಎರಡರವರೆಗೆ ಎಲ್ಲರೂ ಸೂರಿನ ಕೆಳಗೆ. ಕಿಟಕಿಯ ಪಕ್ಕ ಕೂತರೂ ಪ್ರಯೋಜನವಿಲ್ಲ, ಮಾಮೂಲಿ ಗಾಜು ಅತಿನೇರಳೆ-ಬಿಯನ್ನು ತಡೆಯುತ್ತದೆ.

ಎಣ್ಣೆ ನೀವಿ ಎರೆದ ಕೂಸನ್ನು ಎಳೆಬಿಸಿಲಿಗೆ ಹಿಡಿಯುವ ರೂಢಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರಲ್ಲಿ ಪ್ರೀತಿ ಇದೆ, ಬೆಚ್ಚಗಿನ ಸುಖವಿದೆ, ಆದರೆ ಮೂಳೆಗೆ ಬೇಕಾದ ವಿಟಮಿನ್ ಅಷ್ಟರಲ್ಲಿ ಸಿಗದು. ಹಾಗೆಂದು ಮಧ್ಯಾಹ್ನದ ಬಿಸಿಲಿಗೆ ಎಳೆಯ ಚರ್ಮವನ್ನು ಒಡ್ಡುವುದೂ ತಪ್ಪು. ತಾಯಿಯ ಹಾಲಿನಲ್ಲಿಯೂ ವಿಟಮಿನ್ ಡಿ ಕಡಿಮೆ. ಮಕ್ಕಳ ವೈದ್ಯರು ಹುಟ್ಟಿದಾಗಿನಿಂದ ಒಂದು ವರ್ಷದವರೆಗೆ ದಿನಕ್ಕೆ 400 ಯೂನಿಟ್‌ನ ಹನಿ ಬರೆದುಕೊಡುವುದು ಇದಕ್ಕಾಗಿ. ಆ ಸೀಸೆಯನ್ನು ‘ಟಾನಿಕ್ಕು, ಇರಲಿ ಬಿಡು’ ಎಂದು ಮೂಲೆಗಿಡಬಾರದು.

ಚರ್ಮದಿಂದ ಚರ್ಮಕ್ಕೆ

ಕಂದು, ಕಪ್ಪು ಚರ್ಮದಲ್ಲಿ 7-ಡಿಹೈಡ್ರೊಕೊಲೆಸ್ಟರಾಲ್ ಕಡಿಮೆಯೇನೂ ಇಲ್ಲ. ಆದರೆ ಮೆಲನಿನ್ ಅದೇ ಕಿರಣವನ್ನು ಮೊದಲೇ ಹೀರಿಬಿಡುತ್ತದೆ. ಬಿಳಿ ಚರ್ಮದವರಿಗೆ ಹತ್ತು ನಿಮಿಷ ಸಾಕಾಗುವಲ್ಲಿ ಕಪ್ಪಗಿರುವವರಿಗೆ ಅದರ ಮೂರರಿಂದ ಆರು ಪಟ್ಟು ಹೊತ್ತು ಬೇಕೆಂಬುದು ಸಾಮಾನ್ಯ ಅಂದಾಜು. ಬಿಸಿಲು ಹೆಚ್ಚಿರುವ ನಾಡಿನ ಜನರಿಗೆ ಇದು ಸಹಜವಾದ ರಕ್ಷೆ. ಕೋಣೆಯೊಳಗಿನ ಬದುಕಿಗೆ ಬಂದಾಗ ಮಾತ್ರ ಅದೇ ರಕ್ಷೆ ತೊಡಕಾಗುತ್ತದೆ. ಬೆಳ್ಳಗಾಗಬೇಕೆಂದು ಹೆಣ್ಣುಮಕ್ಕಳನ್ನು ಬಿಸಿಲಿನಿಂದ ದೂರ ಇಡುವ ನಮ್ಮ ಅಭ್ಯಾಸ ಇದಕ್ಕೆ ಇನ್ನಷ್ಟು ಸೇರಿಸಿದೆ. ಅದು ಬಿಡಬೇಕಾದ ಅಭ್ಯಾಸ.

ವಯಸ್ಸಾದಂತೆ ಹೊರಚರ್ಮ ತೆಳುವಾಗಿ ಅದರೊಳಗಿನ ದಾಸ್ತಾನೇ ಇಳಿಯುತ್ತದೆ. ಮ್ಯಾಕ್‌ಲಾಫ್ಲಿನ್ ಮತ್ತು ಹೋಲಿಕ್ 1985ರಲ್ಲಿ ಬೇರೆ ಬೇರೆ ವಯಸ್ಸಿನವರ ಚರ್ಮವನ್ನು ಹೋಲಿಸಿ, ಎಂಟರಿಂದ ಹದಿನೆಂಟರ ವಯಸ್ಸಿನವರಿಗಿಂತ ಎಂಬತ್ತರ ಆಸುಪಾಸಿನವರಲ್ಲಿ ಪ್ರಿವಿಟಮಿನ್ ತಯಾರಿಸುವ ಶಕ್ತಿ ಅರ್ಧಕ್ಕಿಂತ ಕಡಿಮೆಯಾಗಿರುವುದನ್ನು ತೋರಿಸಿದರು. ಅಜ್ಜಿ ಮೊಮ್ಮಗ ಒಂದೇ ತಾರಸಿಯಲ್ಲಿ ಒಂದೇ ಹೊತ್ತು ಕೂತರೂ ಇಬ್ಬರಿಗೂ ಸಿಗುವುದು ಒಂದೇ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ವಯಸ್ಕರಿಗೆ ದಿನಕ್ಕೆ 600 ಯೂನಿಟ್ ಎಂದೂ ಅರವತ್ತು ದಾಟಿದವರಿಗೆ 800 ಎಂದೂ ಹೇಳುತ್ತದೆ.

ಪ್ರಾಣಿಗಳಲ್ಲಿ ಭೇದ ಇನ್ನೂ ಸ್ವಾರಸ್ಯದ್ದು. ಬೆಕ್ಕು, ನಾಯಿಗಳ ಚರ್ಮದಲ್ಲಿ ಡಿಎಚ್‌ಸಿಆರ್7 ಕಿಣ್ವ ಬಹಳ ಚುರುಕು. 7-ಡಿಹೈಡ್ರೊಕೊಲೆಸ್ಟರಾಲ್ ಉಳಿಯುವುದೇ ಇಲ್ಲ, ಎಲ್ಲವೂ ಕೊಲೆಸ್ಟರಾಲ್ ಆಗಿಬಿಡುತ್ತದೆ. ಜಗಲಿಯ ಮೇಲೆ ಬಿಸಿಲು ಕಾಯುವ ಬೆಕ್ಕಿಗೆ ಬಿಸಿಲಿನಿಂದ ಸಿಗುವುದು ಬೆಚ್ಚಗಿನ ಸುಖ ಮಾತ್ರ. ವಿಟಮಿನ್ ಡಿ ಅದಕ್ಕೆ ತಿನ್ನುವ ಮಾಂಸದಿಂದಲೇ ಬರಬೇಕು. ಹಕ್ಕಿಗಳಿಗೆ ಗರಿ ಅಡ್ಡ ಬರುತ್ತದೆ. ಕೋಳಿಗೆ ಈ ವಸ್ತು ಹೆಚ್ಚಾಗಿ ಇರುವುದು ಗರಿಯಿಲ್ಲದ ಕಾಲಿನ ಚರ್ಮದಲ್ಲಿ.

ಪತ್ತೆಯ ಕಥೆ

1890ರಲ್ಲಿ ಥಿಯೋಬಾಲ್ಡ್ ಪಾಮ್ ಎಂಬ ಮಿಷನರಿ ವೈದ್ಯ, ಬೇರೆ ಬೇರೆ ದೇಶಗಳಲ್ಲಿದ್ದ ತನ್ನಂಥವರಿಂದ ವರದಿ ತರಿಸಿ, ಇಂಗ್ಲೆಂಡಿನ ಕೈಗಾರಿಕಾ ಊರುಗಳಲ್ಲಿ ಮನೆಮನೆಯಲ್ಲಿದ್ದ, ಮಕ್ಕಳ ಮೂಳೆ ಮೆತ್ತಗಾಗುವ ರಿಕೆಟ್ಸ್ ರೋಗ ಭಾರತದಂಥ ಬಿಸಿಲಿನ ನಾಡುಗಳಲ್ಲಿ ಏಕೆ ಅಪರೂಪ ಎಂದು ಕೇಳಿದ. ಬಿಸಿಲೇ ಕಾರಣವೆಂದು ಅವನ ಉತ್ತರ. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. 1919ರಲ್ಲಿ ಬರ್ಲಿನ್ನಿನಲ್ಲಿ ಕುರ್ಟ್ ಹುಲ್ಡ್‌ಶಿನ್ಸ್ಕಿ ಪಾದರಸದ ದೀಪದ ಬೆಳಕಿನಿಂದ ಮಕ್ಕಳ ರಿಕೆಟ್ಸ್ ಗುಣಪಡಿಸಿದ. 1921ರಲ್ಲಿ ನ್ಯೂಯಾರ್ಕಿನ ಆಲ್ಫ್ರೆಡ್ ಹೆಸ್ ಮತ್ತು ಉಂಗರ್, ರೋಗದ ಮಕ್ಕಳನ್ನು ಆಸ್ಪತ್ರೆಯ ತಾರಸಿಗೆ ಕರೆದೊಯ್ದು ಬರೀ ಬಿಸಿಲಿನಿಂದಲೇ ಗುಣ ಕಂಡರು. ಅದೇ ಕಾಲಕ್ಕೆ ಕಾಡ್ ಮೀನಿನ ಎಣ್ಣೆಯಿಂದಲೂ ಗುಣವಾಗುತ್ತಿತ್ತು. ಒಂದು ಬೆಳಕು, ಒಂದು ಎಣ್ಣೆ. ಎರಡೂ ಒಂದೇ ರೋಗ ವಾಸಿಮಾಡುವುದು ಹೇಗೆಂಬುದು ದೊಡ್ಡ ಒಗಟಾಯಿತು. ಹೆಸ್ ಮತ್ತು ವೈನ್‌ಸ್ಟಾಕ್ ಚರ್ಮದ ತುಣುಕಿಗೆ ಅತಿನೇರಳೆ ಬೆಳಕು ಹಾಯಿಸಿ ಇಲಿಗೆ ತಿನ್ನಿಸಿದಾಗ ಒಗಟು ಬಿಡಿಸಿಕೊಳ್ಳತೊಡಗಿತು: ಬೆಳಕು ಚರ್ಮದೊಳಗಿನ ಯಾವುದನ್ನೋ ಔಷಧವಾಗಿ ಮಾರ್ಪಡಿಸುತ್ತಿದೆ.

ಯಾವುದು ಅದು? ಮೊದಲು ಕೊಲೆಸ್ಟರಾಲ್ ಎಂದುಕೊಂಡರು. ಚೆನ್ನಾಗಿ ಶುದ್ಧಮಾಡಿದ ಕೊಲೆಸ್ಟರಾಲ್ ಬೆಳಕಿಗೆ ಮಿಸುಕಾಡಲಿಲ್ಲ. ಹಾಗಾದರೆ ಕೆಲಸ ಮಾಡುತ್ತಿದ್ದದ್ದು ಅದರಲ್ಲಿ ಬೆರೆತಿದ್ದ ಕಲಬೆರಕೆ. ಜರ್ಮನಿಯ ಗೋಟಿಂಗೆನ್ ವಿಶ್ವವಿದ್ಯಾಲಯದ ಅಡಾಲ್ಫ್ ವಿಂಡೌಸ್ ಸ್ಟೆರಾಲ್‌ಗಳ ಕೆಲಸಕ್ಕಾಗಿ 1928ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಪಡೆದರು. ಆಗ ಎಲ್ಲರೂ ನಂಬಿದ್ದದ್ದು ಆ ಕಲಬೆರಕೆ ಅಣಬೆ, ಯೀಸ್ಟ್‌ಗಳಲ್ಲಿರುವ ಎರ್ಗೊಸ್ಟೆರಾಲ್ ಎಂದು. ತಪ್ಪನ್ನು ಬಯಲುಮಾಡಿದ್ದು ಕೋಳಿಮರಿಗಳು. ಬೆಳಕು ಕಂಡ ಎರ್ಗೊಸ್ಟೆರಾಲ್ ಇಲಿಗಳಿಗೆ ಚೆನ್ನಾಗಿ ಹಿಡಿಸಿದರೂ ಕೋಳಿಮರಿಗಳಿಗೆ ಮೀನೆಣ್ಣೆಯಷ್ಟು ಹಿಡಿಸುತ್ತಿರಲಿಲ್ಲ. ಬೆಳಕು ಕಂಡ ಅಶುದ್ಧ ಕೊಲೆಸ್ಟರಾಲ್ ಮಾತ್ರ ಹಿಡಿಸುತ್ತಿತ್ತು ಎಂದು 1934ರಲ್ಲಿ ವಾಡೆಲ್ ತೋರಿಸಿದ. ಪ್ರಾಣಿಗಳ ಮೂಲವಸ್ತು ಬೇರೆಯೇ ಇದೆ ಎಂಬುದು ಖಚಿತವಾಯಿತು. 1935ರಲ್ಲಿ ವಿಂಡೌಸ್, ಲೆಟ್ರೆ, ಶೆಂಕ್ ಪ್ರಯೋಗಾಲಯದಲ್ಲಿ 7-ಡಿಹೈಡ್ರೊಕೊಲೆಸ್ಟರಾಲ್ ತಯಾರಿಸಿದರು. 1937ರಲ್ಲಿ ವಿಂಡೌಸ್ ಮತ್ತು ಬಾಕ್ ಅದನ್ನೇ ಹಂದಿಯ ಚರ್ಮದಿಂದ ಬೇರ್ಪಡಿಸಿದರು. ಚರ್ಮದಲ್ಲಿ ಪ್ರಿವಿಟಮಿನ್ ಮೂಲಕ ನಡೆಯುವ ಇಡೀ ಸರಣಿಯನ್ನು ಮೈಕಲ್ ಹೋಲಿಕ್ ಮತ್ತು ಸಂಗಡಿಗರು 1980ರಲ್ಲಿ ವಿವರಿಸಿದರು.

ದಾರಿ ಕಟ್ಟಿದಾಗ

ಡಿಎಚ್‌ಸಿಆರ್7 ಕಿಣ್ವದ ಜೀನ್ ಕೆಟ್ಟರೆ 7-ಡಿಹೈಡ್ರೊಕೊಲೆಸ್ಟರಾಲ್ ಕೊಲೆಸ್ಟರಾಲ್ ಆಗಲಾರದೆ ಮೈಯಲ್ಲಿ ಕೂಡಿಬೀಳುತ್ತದೆ. 1964ರಲ್ಲಿ ಸ್ಮಿತ್, ಲೆಮ್ಲಿ ಮತ್ತು ಓಪಿಟ್ಜ್ ವಿವರಿಸಿದ ಜನ್ಮಜಾತ ರೋಗಕ್ಕೆ ಇದೇ ಕಾರಣವೆಂದು ತಿಳಿದದ್ದು 1993ರಲ್ಲಿ. ಜೀನ್ ಗುರುತಿಸಿದ್ದು 1998ರಲ್ಲಿ. ಚಿಕ್ಕ ತಲೆ, ಸೀಳು ಅಂಗುಳ, ಕಾಲಿನ ಎರಡನೆಯ ಮತ್ತು ಮೂರನೆಯ ಬೆರಳು ಅಂಟಿಕೊಂಡಿರುವುದು, ಬುದ್ಧಿಯ ಬೆಳವಣಿಗೆ ಕುಂಠಿತವಾಗುವುದು ಇದರ ಲಕ್ಷಣಗಳು. ಗರ್ಭದಲ್ಲಿರುವ ಮಗುವಿನ ಮೆದುಳಿಗೆ ಕೊಲೆಸ್ಟರಾಲ್ ಎಷ್ಟು ಅಗತ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ ಈ ರೋಗ ಬರುತ್ತದೆ. ಇಂಥ ರೋಗಗಳ ಸಂಭವ ಸೋದರಮಾವ ಅಕ್ಕನ ಮಗಳನ್ನು ಮದುವೆಯಾಗುವ, ಅತ್ತೆ ಮಾವಂದಿರ ಮಕ್ಕಳು ಮದುವೆಯಾಗುವ ಕುಟುಂಬಗಳಲ್ಲಿ ಹೆಚ್ಚು. ಮೈಸೂರು ಸೀಮೆಯಲ್ಲಿ ಇಂಥ ಸಂಬಂಧಗಳು ಇನ್ನೂ ನಡೆಯುತ್ತಿರುವುದರಿಂದ ಈ ಮಾತನ್ನು ಬಿಟ್ಟುಹೋಗುವಂತಿಲ್ಲ. ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳೂ, ಅರಿಪಿಪ್ರಜೋಲ್ ಮತ್ತು ಟ್ರಾಜೊಡೋನ್ ಅವುಗಳಲ್ಲಿ ಸೇರಿವೆ, ಈ ಕಿಣ್ವವನ್ನು ತಡೆದು ರಕ್ತದಲ್ಲಿ 7-ಡಿಹೈಡ್ರೊಕೊಲೆಸ್ಟರಾಲ್ ಏರಿಸುತ್ತವೆ. ಅಂಥ ಮಾತ್ರೆ ತೆಗೆದುಕೊಳ್ಳುವವರು ಗರ್ಭಿಣಿಯಾದರೆ ವೈದ್ಯರಿಗೆ ಮೊದಲೇ ತಿಳಿಸಬೇಕು, ತಾವಾಗಿಯೇ ನಿಲ್ಲಿಸಬಾರದು.

ಈ ವಸ್ತುವಿಗೆ ಮತ್ತೊಂದು ಮುಖವಿರುವುದು ಈಚೆಗೆ ಗೊತ್ತಾಗಿದೆ. ಆಮ್ಲಜನಕದ ದಾಳಿಗೆ ಕೋಶಪೊರೆಯ ಕೊಬ್ಬು ಸಿಕ್ಕಿ ಕೋಶ ಸಾಯುವುದನ್ನು ಇದು ತಾನು ಮುಂದೆ ನಿಂತು ತಡೆಯುತ್ತದೆಂದು 2024ರಲ್ಲಿ ‘ನೇಚರ್’ ಪತ್ರಿಕೆಯ ಎರಡು ಪ್ರಬಂಧಗಳು ತೋರಿಸಿದವು.

ಕುರಿಯ ತುಪ್ಪಟದಿಂದ ಟೊಮೇಟೊವರೆಗೆ

ಔಷಧದ ಅಂಗಡಿಯ ಡಿ3 ಗುಳಿಗೆಯ ಮೂಲವೂ ಇದೇ ಅಣು, ಆದರೆ ಅಲ್ಲಿ ದಾರಿ ತಿರುವುಮುರುವು. ಉಣ್ಣೆ ತೊಳೆದಾಗ ಬರುವ ಲ್ಯಾನೊಲಿನ್ ಎಂಬ ಜಿಡ್ಡಿನಿಂದ ಕೊಲೆಸ್ಟರಾಲ್ ತೆಗೆದು, ಅದರಿಂದ ಎರಡು ಜಲಜನಕ ಕಿತ್ತು 7-ಡಿಹೈಡ್ರೊಕೊಲೆಸ್ಟರಾಲ್ ಮಾಡುತ್ತಾರೆ. ಅದನ್ನು ದ್ರಾವಕದಲ್ಲಿ ಕರಗಿಸಿ ಪಾದರಸದ ದೀಪದ ಬೆಳಕು ಹಾಯಿಸಿ, ಬಿಸಿಮಾಡುತ್ತಾರೆ. ಚರ್ಮದಲ್ಲಿ ಬಿಸಿಲು ಮತ್ತು ಮೈಶಾಖ ಮಾಡುವುದನ್ನೇ ಕಾರ್ಖಾನೆ ಮಾಡುತ್ತದೆ. ಮೈಸೂರಿನ ಪಕ್ಕದ ಬನ್ನೂರಿನ ಕುರಿ ಮಾಂಸಕ್ಕೆ ಹೆಸರಾದದ್ದು. ಈ ಕೆಲಸಕ್ಕೆ ಬೇಕಾಗುವುದು ಮೆರಿನೊದಂಥ ದಟ್ಟ ಉಣ್ಣೆಯ ತಳಿಗಳ ಜಿಡ್ಡು.

ಕುರಿಯ ಮೂಲದ್ದು ಬೇಡವೆನ್ನುವ ಸಸ್ಯಾಹಾರಿಗಳಿಗೆ ಎರ್ಗೊಸ್ಟೆರಾಲ್‌ನಿಂದ ಬರುವ ಡಿ2 ಇದೆ, ಕಲ್ಲುಹೂವಿನ ಜಾತಿಯವುಗಳಿಂದ ತೆಗೆದ ಡಿ3 ಕೂಡ ಸಿಗುತ್ತದೆ. ಅಡುಗೆಮನೆಯಲ್ಲಿ ಮಾಡಿಕೊಳ್ಳಬಹುದಾದ ಉಪಾಯ ಒಂದಿದೆ: ಅಣಬೆಯನ್ನು ಹೆಚ್ಚಿ ಮಧ್ಯಾಹ್ನದ ಬಿಸಿಲಿನಲ್ಲಿ ಕಾಲು ಗಂಟೆಯಿಂದ ಅರ್ಧ ಗಂಟೆ ಹರವಿ, ಆಮೇಲೆ ಸಾರು ಮಾಡಿದರೆ ಅದರಲ್ಲಿ ಡಿ2 ಗಣನೀಯವಾಗಿ ಏರಿರುತ್ತದೆ. ಆಹಾರಕ್ಕೆ ಪೋಷಕಾಂಶ ಸೇರಿಸುವ ವಿದ್ಯೆ ಈ ಊರಿಗೆ ಹೊಸದಲ್ಲ. 1950ರ ಅಕ್ಟೋಬರ್‌ನಲ್ಲಿ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ನಾವೆಲ್ಲ ಸಿಎಫ್‌ಟಿಆರ್‌ಐ ಎನ್ನುವುದು, ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನವನ್ನು ದೇಶಕ್ಕೆ ಕೊಟ್ಟಿತು. ಇಂದು ಪೋಷಕಾಂಶ ಬೆರೆಸಿದ ಹಾಲಿನ ಪೊಟ್ಟಣದ ಮೇಲೆ ‘ಎಫ್’ ಅಕ್ಷರದ ಜೊತೆ ಕೂಡುವ ಚಿಹ್ನೆ ಇರುತ್ತದೆ. ನಿಯಮದಂತೆ ಅದರಲ್ಲಿ ಲೀಟರಿಗೆ 5ರಿಂದ 7.5 ಮೈಕ್ರೋಗ್ರಾಂ ವಿಟಮಿನ್ ಡಿ ಇರಬೇಕು. ದಿನಕ್ಕೆ ಬೇಕಾದದ್ದು 15 ಮೈಕ್ರೋಗ್ರಾಂ, ಅಂದರೆ 600 ಯೂನಿಟ್. ಅರ್ಧ ಲೀಟರ್ ಕುಡಿದರೂ ಕಾಲುಭಾಗ ದಾಟುವುದಿಲ್ಲ. 2022ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನ ಜಾನ್ ಇನ್ಸ್ ಕೇಂದ್ರದವರು ಟೊಮೇಟೊ ಗಿಡದ ಒಂದು ಜೀನ್ ತಿದ್ದಿ, ಹಣ್ಣಿನಲ್ಲಿಯೇ 7-ಡಿಹೈಡ್ರೊಕೊಲೆಸ್ಟರಾಲ್ ಕೂಡಿಕೊಳ್ಳುವಂತೆ ಮಾಡಿದರು. ಅತಿನೇರಳೆ-ಬಿ ಬೆಳಕು ತೋರಿಸಿದಾಗ ಒಂದು ಹಣ್ಣಿನಲ್ಲಿ ಎರಡು ಮೊಟ್ಟೆಯಷ್ಟು ಡಿ3 ತಯಾರಾಯಿತು. ದಿನವೂ ಟೊಮೇಟೊ ಸಾರು ಉಣ್ಣುವ ನಮಗೆ ಇದು ಕಾದುನೋಡಬೇಕಾದ ಸುದ್ದಿ.

ಬಿಸಿಲಿಗೆ ಹೋಗಲಾಗದವರು ಗುಳಿಗೆ ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು 60,000 ಯೂನಿಟ್‌ನ ಪುಡಿ ಅಥವಾ ಗುಳಿಗೆ. ಅದು ಒಂದು ದಿನದ ಅಗತ್ಯದ ನೂರು ಪಟ್ಟು. ಸಾಮಾನ್ಯವಾಗಿ ವಾರಕ್ಕೊಂದರಂತೆ ಕೆಲವು ವಾರ ಬರೆದುಕೊಡುತ್ತಾರೆ. ದಿನವೂ ನುಂಗಿದರೆ, ತಿಂಗಳುಗಟ್ಟಲೆ ಮುಂದುವರಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡುತ್ತದೆ. ಮನೆಯಲ್ಲಿ ಅಂಥ ಪೊಟ್ಟಣವಿದ್ದರೆ ವೈದ್ಯರ ಚೀಟಿಯನ್ನು ಇವತ್ತೇ ಇನ್ನೊಮ್ಮೆ ತೆರೆದು ನೋಡಿ.